ಜಾಲರಿಯಿಲ್ಲದ ಹರ್ನಿಯಾ ಚಿಕಿತ್ಸೆ

ಆಳಂದ, ಅಫಜಲಪುರ, ಜೇವರ್ಗಿಯ ಸೀಮೆಯಲ್ಲಿ ತೊಗರಿಯ ರಾಶಿ ಮುಗಿದು ಚೀಲಗಳನ್ನು ಹೊರುವ ದಿನಗಳಲ್ಲಿ ಸೊಂಟನೋವನ್ನು ಎಲ್ಲರೂ ಬಾಯಿಬಿಟ್ಟು ಹೇಳುತ್ತಾರೆ. ತೊಡೆಸಂದಿನ ಬಾವನ್ನು ಮಾತ್ರ ನಾಚಿಕೆಯಿಂದ ಮುಚ್ಚಿಡುತ್ತಾರೆ. ಭಾರ ಹೊರುವುದು, ಮಲ್ಲಯುದ್ಧ, ಮರದಿಂದ ಬೀಳುವುದು ಮುಂತಾದ ಕಾರಣಗಳಿಂದ ಕರುಳು ಕೆಳಗಿಳಿಯುವ ಅಂತ್ರವೃದ್ಧಿಯನ್ನು ಸುಶ್ರುತ ಸಂಹಿತೆಯು ವರ್ಣಿಸಿದೆ. ಕಾಲಾಂತರದಲ್ಲಿ ಅಂಡಕೋಶಕ್ಕೆ ಇಳಿದುದನ್ನು ಅಸಾಧ್ಯವೆಂದಿದೆ. ಇಂದು ಅದು ಶಸ್ತ್ರಚಿಕಿತ್ಸೆಯಿಂದ ಸಾಧ್ಯವಾಗಿದೆ. ಆದರೂ ಭಯ ಹೋಗಿಲ್ಲ.

ಜೇವರ್ಗಿಯ ಕಡೆಯ ಪರಿಚಿತ ಒಕ್ಕಲಿಗರೊಬ್ಬರು ಎರಡು ವರ್ಷ ಪಟ್ಟಿ ಕಟ್ಟಿಕೊಂಡೇ ದುಡಿದರು. ಪಟ್ಟಿಯು ಬಾವನ್ನು ಒತ್ತಿಹಿಡಿಯಬಲ್ಲದೇ ಹೊರತು ರಂಧ್ರವನ್ನು ಮುಚ್ಚಲಾರದು. ಕೊನೆಗೆ ವೈದ್ಯರು ಮೆಶ್ ಎಂಬ ಜಾಲರಿಯನ್ನು ಇಡಬೇಕೆಂದಾಗ, “ಮೈಯಾಗ ಜಾಳಗಿ ಇಟ್ಕೊಂಡು ಹ್ಯಾಂಗ ಬದುಕಲ್ರಿ ಗುರುಗಳ?” ಎಂದು ನನ್ನಲ್ಲಿಗೆ ಬಂದರು. ಜಾಲರಿಯಿಲ್ಲದ ಮಾರ್ಗವೂ ಉಂಟೆಂಬುದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ.

ಇಟಲಿಯ ಬಸ್ಸಿನಿ ಎಂಬ ವೈದ್ಯನು 1880ರ ದಶಕದಲ್ಲಿಯೇ ಸ್ನಾಯುವನ್ನು ಕೆಳಗಿನ ಕಟ್ಟಿಗೆ ಹೊಲಿದು ರಂಧ್ರ ಮುಚ್ಚುವ ಕ್ರಮವನ್ನು ರೂಢಿಸಿದನು. ಅದರಲ್ಲಿ ಹೊಲಿಗೆಯ ಮೇಲೆ ಎಳೆತ ಹೆಚ್ಚು. ರೋಗ ಮರುಕಳಿಸುವ ಸಂಭವವೂ ಹೆಚ್ಚು. ಕೆನಡಾದ ಶೌಲ್ಡೈಸ್ ಎಂಬ ವೈದ್ಯನ ಕ್ರಮದಲ್ಲಿ ಪದರಗಳನ್ನು ಒಂದರ ಮೇಲೊಂದು ಮಡಿಸಿ ಅಖಂಡ ದಾರದಿಂದ ಹೊಲಿಯುತ್ತಾರೆ. ಪುಣೆಯ ವೈದ್ಯ ದೇಸರಡಾ ಅವರ ಕ್ರಮದಲ್ಲಿ ರೋಗಿಯದೇ ಹೊಟ್ಟೆಯ ಗಟ್ಟಿ ಪೊರೆಯಿಂದ ಒಂದು ಪಟ್ಟಿಯನ್ನು ಬಿಡಿಸಿ, ದುರ್ಬಲವಾದ ಗೋಡೆಗೆ ಆಸರೆಯಾಗಿ ಹೊಲಿಯುತ್ತಾರೆ.

ಹಾಗೆಂದು ಜಾಲರಿಯನ್ನು ನಿಂದಿಸುವುದು ಯುಕ್ತವಲ್ಲ. 2018ರ ಅಂತರರಾಷ್ಟ್ರೀಯ ಮಾರ್ಗದರ್ಶಿಯು ಸಾಮಾನ್ಯವಾಗಿ ಜಾಲರಿಯನ್ನೇ ಶಿಫಾರಸು ಮಾಡಿದೆ. ಅದರಿಂದ ರೋಗ ಮರುಕಳಿಸುವುದು ಕಡಿಮೆ. ಜಾಲರಿಯಿಲ್ಲದ ಕ್ರಮಗಳಲ್ಲಿ ಶೌಲ್ಡೈಸ್ ಕ್ರಮವೇ ಉತ್ತಮವೆಂದೂ ಅದು ಹೇಳಿದೆ. ಕೆಲವರಲ್ಲಿ ಬಹುಕಾಲ ಉಳಿಯುವ ನೋವು ಜಾಲರಿಯಿಂದ ಬರಬಹುದು, ಹೊಲಿಗೆಯಿಂದಲೂ ಬರಬಹುದು. ಹೊಲಿಗೆಯ ಕ್ರಮಕ್ಕೆ ಪಳಗಿದ ಕೈ ಬೇಕು. ಆದುದರಿಂದ ಕಲಬುರಗಿಗಾಗಲಿ ಸೊಲ್ಲಾಪುರಕ್ಕಾಗಲಿ ಹೋದವರು ಸಂಕೋಚವಿಲ್ಲದೆ ಮೂರು ಪ್ರಶ್ನೆಗಳನ್ನು ಕೇಳಬೇಕು: ನನಗೆ ಜಾಲರಿ ಅಗತ್ಯವೇ? ಜಾಲರಿಯಿಲ್ಲದ ಕ್ರಮ ನನಗೆ ಹೊಂದುವುದೇ? ಅದನ್ನು ತಾವು ಎಷ್ಟು ಮಂದಿಗೆ ಮಾಡಿದ್ದೀರಿ?

ನೋವಿಲ್ಲದ ಸಣ್ಣ ಬಾವುಳ್ಳ ಗಂಡಸರು ವೈದ್ಯರ ಸಲಹೆಯಂತೆ ಕೆಲಕಾಲ ಕಾಯಬಹುದು. ಹೆಂಗಸರು ಮಾತ್ರ ತಡಮಾಡದೆ ತೋರಿಸಿಕೊಳ್ಳಬೇಕು. ಅವರಲ್ಲಿ ಕರುಳು ಸಿಕ್ಕಿಕೊಳ್ಳುವ ಬಗೆಯ ಹರ್ನಿಯಾ ಹೆಚ್ಚಾಗಿ ಕಂಡುಬರುತ್ತದೆ. ಬಾವು ಒಳಗೆ ಹೋಗದೆ ಗಟ್ಟಿಯಾಗಿ, ನೋವು, ವಾಂತಿ ಆರಂಭವಾದರೆ ಯಾರೇ ಆಗಲಿ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ರಕ್ತಸಂಚಾರ ನಿಂತ ಕರುಳು ಬೆಳಗಿನವರೆಗೆ ಕಾಯುವುದಿಲ್ಲ.

ಆ ಒಕ್ಕಲಿಗರು ವೈದ್ಯರೊಡನೆ ಎಲ್ಲವನ್ನೂ ಚರ್ಚಿಸಿ, ಕೊನೆಗೆ ಜಾಲರಿಯನ್ನೇ ಒಪ್ಪಿದರು. ಅವರ ಭಯ ಕಳೆದುದು ಜಾಲರಿಯಿಂದಲ್ಲ, ಹೊಲಿಗೆಯಿಂದಲೂ ಅಲ್ಲ, ಕೇಳಿ ತಿಳಿದುಕೊಂಡುದರಿಂದ. ಕಾಯವಿದ್ದರೆ ಕಾಯಕ, ಅದರ ಬೇನೆಯನ್ನು ಹೇಳಿಕೊಳ್ಳಲು ನಾಚಿಕೆಯೇಕೆ?