ಕಡಲಾಚೆಯ ವಿದ್ಯೆಯೂ ನಮ್ಮ ಇಂಗ್ಲಿಷೂ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ತಂದೆತಾಯಿ ಇಬ್ಬರೂ ಅನ್ಯರ ಹೊಲದಲ್ಲಿ ಕಬ್ಬು ಕಡಿಯುವವರು. ಅಂಥವನು ವಿದೇಶದ ವಿಶ್ವವಿದ್ಯಾಲಯದ ಮಾತೆತ್ತಿದರೆ ಸಹಪಾಠಿಗಳು ನಗುವುದು ಸಹಜ. ನಗಲಿ. ಈ ಮಾತನ್ನು ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಎತ್ತದೆ ಮತ್ತೆಲ್ಲಿ ಎತ್ತೋಣ?

ಇಂಗ್ಲೆಂಡು, ಆಸ್ಟ್ರೇಲಿಯ, ಕೆನಡಗಳಲ್ಲಿ ಓದಬಯಸುವ ಭಾರತೀಯ ವಿದ್ಯಾರ್ಥಿಯು ಸಾಮಾನ್ಯವಾಗಿ ಐಇಎಲ್‌ಟಿಎಸ್ ಎಂಬ ಪರೀಕ್ಷೆಗೋ ಅದರಂಥ ಇನ್ನೊಂದಕ್ಕೋ ಕೂಡಬೇಕಾಗುತ್ತದೆ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ಅದರಲ್ಲಿ ನಾಲ್ಕು ಭಾಗಗಳು. ಒಂಬತ್ತರವರೆಗೆ ಶ್ರೇಣಿ, ಫಲಿತಾಂಶಕ್ಕೆ ಎರಡೇ ವರ್ಷದ ಆಯುಷ್ಯ. ಕೇಳುವ ಭಾಗದ ಧ್ವನಿಮುದ್ರಣವನ್ನು ಒಂದೇ ಸಲ ಹಾಕುತ್ತಾರೆ. ಮಾತಿನ ಭಾಗದಲ್ಲಿ ಒಂದು ವಿಷಯ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷದವರೆಗೆ ಮಾತಾಡಿಸುತ್ತಾರೆ.

ಕಳೆದ ದೀಪಾವಳಿಯ ರಜೆಯಲ್ಲಿ ಇದರ ಮಾದರಿ ಪ್ರಶ್ನೆಗಳನ್ನು ಮೊಬೈಲಿನಲ್ಲಿ ಹಾಕಿಕೊಂಡು ನನ್ನನ್ನು ನಾನೇ ಪರೀಕ್ಷಿಸಿಕೊಂಡೆ. ಓದುವುದರಲ್ಲಿ ಹೇಗೋ ದಡ ಸೇರಿದೆ. ಕೇಳುವುದರಲ್ಲಿ, ಯಾರೋ ಹೆಣ್ಣುಮಗಳು ಬಾಡಿಗೆ ಕೋಣೆಯ ವಿಷಯ ಹೇಳುತ್ತಿದ್ದಾಳೆಂದು ತಿಳಿಯುವಷ್ಟರಲ್ಲಿ ಬಾಡಿಗೆ, ವಿಳಾಸ, ಫೋನ್ ಸಂಖ್ಯೆ ಎಲ್ಲವೂ ಮುಗಿದುಹೋಗಿದ್ದವು. ಮಾತಿನ ವಿಷಯ, ನಿಮಗೆ ನೆನಪಿರುವ ಒಬ್ಬ ಶಿಕ್ಷಕರು. ಮೂರು ವಾಕ್ಯ ಹೇಳಿ ಸುಮ್ಮನಾದೆ. ಒಳಗಿನಿಂದ ಅವ್ವ, “ಯಾಕಪಾ, ಓದೂದು ಮುಗೀತೇನ?” ಎಂದಳು.

ಇಂಗ್ಲೆಂಡಿನ ಕೆಲವು ವಿಶ್ವವಿದ್ಯಾಲಯಗಳು ಹನ್ನೆರಡನೆಯ ತರಗತಿಯ ಇಂಗ್ಲಿಷಿನಲ್ಲಿ ಒಳ್ಳೆಯ ಅಂಕವಿದ್ದರೆ ಈ ಪರೀಕ್ಷೆಯಿಂದ ವಿನಾಯಿತಿ ಕೊಡುವುದುಂಟು. ಪಿ.ಯು.ಸಿ. ಇಂಗ್ಲಿಷಿನಲ್ಲಿ ನನಗೆ 81 ಅಂಕಗಳಿವೆ. ಆದರೆ ಆ 81ರ ಗುಟ್ಟು ನನಗೆ ಗೊತ್ತು. ಅದು ಗೈಡಿನ ಅಂಕ. ಪದ್ಯದ ಸಾರಾಂಶವನ್ನು ಬಾಯಿಪಾಠ ಮಾಡಿ ಕಾಗದದ ಮೇಲೆ ಇಳಿಸಿದ್ದಕ್ಕೆ ಬಂದದ್ದು. ಅದನ್ನು ನಂಬಿ ಯಾರಾದರೂ ನನ್ನನ್ನು ಒಳಗೆ ಬಿಟ್ಟರೆ ಮೊದಲನೆಯ ಉಪನ್ಯಾಸದಲ್ಲೇ ನಾನು ಕಿವುಡನಂತೆ ಕೂತಿರಬೇಕಾದೀತು. ಆದುದರಿಂದ ಪರೀಕ್ಷೆಯೇ ಬೇಡವೆಂಬ ಗೆಳೆಯರ ವಾದ ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ನಮ್ಮ ಕಿವಿ ಮಂದವೇ? ಖಂಡಿತ ಅಲ್ಲ. ಕಾಗವಾಡದ ಹುಡುಗನಿಗೆ ಮರಾಠಿಯನ್ನು ಯಾವ ಮಾಸ್ತರರೂ ಕಲಿಸಲಿಲ್ಲ. ಮಿರಜೆಯ ಪೇಟೆಯಲ್ಲಿ, ಅಲ್ಲಿಯ ದವಾಖಾನೆಯ ಬಾಗಿಲಲ್ಲಿ, ರೈಲಿನ ಡಬ್ಬಿಯಲ್ಲಿ ಕೇಳಿ ಕೇಳಿ, ತಪ್ಪು ತಪ್ಪಾಗಿ ಆಡಿ ಆಡಿ ಅದು ತಾನಾಗಿಯೇ ಬಂತು. ನನ್ನ ಅವ್ವ ಅಕ್ಷರ ಬಲ್ಲವಳಲ್ಲ. ಮಿರಜೆಯಲ್ಲಿ ಬಟ್ಟೆಯ ದರಕ್ಕೆ ಮರಾಠಿಯಲ್ಲೇ ಜಗಳಾಡಿ ಗೆದ್ದು ಬರುತ್ತಾಳೆ! ಇಂಗ್ಲಿಷನ್ನಾದರೋ ನಮಗೆ ಕಣ್ಣಿಗೆ ಮಾತ್ರ ಕೊಟ್ಟರು. ಇಷ್ಟು ವರ್ಷಗಳಲ್ಲಿ ತರಗತಿಯೊಳಗೆ ನಾನಾಗಿ ಆಡಿದ ಇಂಗ್ಲಿಷ್ ಮಾತು, ಹಾಜರಿಗೆ ಹೇಳಿದ್ದನ್ನು ಬಿಟ್ಟರೆ, ಹತ್ತು ವಾಕ್ಯ ದಾಟಲಾರದು. ಇತಿಹಾಸ, ರಾಜ್ಯಶಾಸ್ತ್ರಗಳನ್ನು ನಾವು ಕನ್ನಡದಲ್ಲಿ ಓದುತ್ತೇವೆ. ಅದು ಸರಿಯೇ, ಅದರಿಂದಲೇ ಅವು ನಮಗೆ ತಿಳಿದವು. ನನ್ನ ದೂರು ಇರುವುದು ಇಂಗ್ಲಿಷ್ ತಾಸಿನ ಮೇಲೆ ಮಾತ್ರ.

ಡಾ. ಅಂಬೇಡ್ಕರರು 1913ರಲ್ಲಿ ಬಡೋದೆಯ ಮಹಾರಾಜರ ವಿದ್ಯಾರ್ಥಿವೇತನದಿಂದ ಕೊಲಂಬಿಯಾಕ್ಕೆ ಹೋದಾಗ ಇಂಥ ಪರೀಕ್ಷೆಗಳಿರಲಿಲ್ಲ. ಅಮೆರಿಕದ ಟೋಫೆಲ್ ಆರಂಭವಾದದ್ದೇ 1964ರಲ್ಲಿ. ಇಂದು ಕೇಂದ್ರ ಸರಕಾರದ ವಿದೇಶ ವ್ಯಾಸಂಗ ವಿದ್ಯಾರ್ಥಿವೇತನವಿದೆ. ಪರಿಶಿಷ್ಟ ಜಾತಿಯವರ ಜೊತೆಗೆ ಭೂಹೀನ ಕೃಷಿಕಾರ್ಮಿಕರ ಮಕ್ಕಳೂ ಅದಕ್ಕೆ ಅರ್ಹರು. ವರ್ಷಕ್ಕೆ 125 ಸ್ಥಾನಗಳು. ಅದರಲ್ಲಿ ಭೂಹೀನರಿಗೂ ಪಾರಂಪರಿಕ ಕುಶಲಕರ್ಮಿಗಳಿಗೂ ಕೂಡಿ ಇಡೀ ದೇಶಕ್ಕೆ ನಾಲ್ಕು! ಆ ನಾಲ್ಕರ ಆಸೆ ಪಡಲಿಕ್ಕೂ ಮೊದಲು ವಿದೇಶದ ಪ್ರವೇಶಪತ್ರ ಕೈಯಲ್ಲಿರಬೇಕು. ಪ್ರವೇಶಪತ್ರಕ್ಕೆ ಪರೀಕ್ಷೆ. ಪರೀಕ್ಷೆಗೆ ಹದಿನೇಳು ಸಾವಿರ ರೂಪಾಯಿಗೂ ಮಿಕ್ಕ ಶುಲ್ಕ. ಅದು ಅಪ್ಪನ ಎಷ್ಟು ದಿನದ ಕೂಲಿಯೆಂದು ಲೆಕ್ಕ ಹಾಕತೊಡಗಿ ನಡುವೆಯೇ ಬಿಟ್ಟೆ. ಬಡ ವಿದ್ಯಾರ್ಥಿಗೆ ಈ ಶುಲ್ಕವನ್ನು ಒಂದು ಸಲವಾದರೂ ಸರಕಾರವೇ ಭರಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಶುಲ್ಕದ ಮಾತು ನಮ್ಮ ಕೈಯಲ್ಲಿಲ್ಲ, ಕಿವಿಯ ಮಾತು ಇದೆ. ಶನಿವಾರ ತರಗತಿಗಳು ಮುಗಿದ ಮೇಲೆ ಒಂದು ಕೋಣೆ, ಒಂದು ಧ್ವನಿವರ್ಧಕ, ಒಂದು ತಾಸು. ಅರ್ಧ ತಾಸು ಕೇಳುವುದು, ಅರ್ಧ ತಾಸು ನಗೆಗೆ ಅಂಜದೆ ಮಾತಾಡುವುದು. ಇಷ್ಟನ್ನು ಕೇಳಿಕೊಂಡು ಪ್ರಾಚಾರ್ಯರಿಗೆ ಅರ್ಜಿ ಬರೆದಿದ್ದೇವೆ. ಇದುವರೆಗೆ ಏಳು ಜನರ ಸಹಿಗಳಾಗಿವೆ. ಅರ್ಜಿ ಗ್ರಂಥಾಲಯದ ಮೇಜಿನ ಮೇಲಿದೆ. ಮೊದಲ ವರ್ಷದ ಮಿತ್ರರು ದಯವಿಟ್ಟು ನೋಡಬೇಕು, ನಮಗಿಂತ ಅವರಿಗೆ ಎರಡು ವರ್ಷ ಹೆಚ್ಚು ಇವೆ.