ಉಬ್ಬಸಕ್ಕೆ ಮೊದಲ ಮದ್ದು ಸೂಜಿಯಲ್ಲ

ಉಬ್ಬಸ ಕೆರಳಿದಾಗ ಮೊದಲು ಕೊಡಬೇಕಾದ್ದು ಸೇದುವ ಸಾಲ್ಬುಟಮಾಲ್, ಡೆರಿಫಿಲಿನ್ ಇಂಜೆಕ್ಷನ್ ಅಲ್ಲ ಎಂದು ಬರೆದದ್ದಕ್ಕೆ ಕೆಲವು ವೈದ್ಯಮಿತ್ರರು ಸಿಟ್ಟಾಗಿದ್ದಾರೆ. ಹಳ್ಳಿಯ ಕ್ಲಿನಿಕ್ಕಿನಲ್ಲಿ ಅಪರಾತ್ರಿ ಬಾಗಿಲು ತೆರೆಯುವವರ ಮಾತು ಅದು, ತಳ್ಳಿಹಾಕುವಂಥದ್ದಲ್ಲ. ಆದರೂ ಒಪ್ಪಲಾರೆ.

ಸೂಜಿ ಹಾಕಿದರೆ ಬೇಗ ಗುಣ ಎನ್ನುತ್ತಾರೆ. ಡೆರಿಫಿಲಿನ್‌ನಲ್ಲಿರುವುದು ಎಟೋಫಿಲಿನ್ ಮತ್ತು ಥಿಯೋಫಿಲಿನ್. ಈ ಜಾತಿಯ ಔಷಧವನ್ನು ರಕ್ತನಾಳಕ್ಕೆ ನಿಧಾನವಾಗಿಯೇ ಬಿಡಬೇಕು. ಅವಸರ ಮಾಡಿದರೆ ಹೃದಯದ ಲಯ ತಪ್ಪೀತು. ಸೇದಿದ ಸಾಲ್ಬುಟಮಾಲ್ ಸುಮಾರು 5 ನಿಮಿಷದಲ್ಲೇ ಶ್ವಾಸನಾಳವನ್ನು ಸಡಿಲಿಸತೊಡಗುತ್ತದೆ. ಅದರ ಜೊತೆಗೆ ಥಿಯೋಫಿಲಿನ್ ಜಾತಿಯದೇ ಆದ ಅಮಿನೊಫಿಲಿನ್ ಡ್ರಿಪ್ಪನ್ನೂ ಕೊಟ್ಟರೆ ವಯಸ್ಕರಿಗೆ ಹೆಚ್ಚಿನ ಲಾಭವಿಲ್ಲ, ವಾಂತಿ ಮತ್ತು ಎದೆಬಡಿತದ ಏರುಪೇರು ಹೆಚ್ಚುತ್ತವೆ ಎಂದು 2012ರ ಕಾಕ್ರೇನ್ ವಿಮರ್ಶೆ ಹೇಳಿತು. ಜಾಗತಿಕ ಅಸ್ತಮಾ ಮಾರ್ಗಸೂಚಿ ‘ಜಿನಾ’ ಕೂಡ ಉಲ್ಬಣಕ್ಕೆ ಈ ಜಾತಿಯ ಔಷಧವನ್ನು ಬಳಸಬೇಡಿ ಎನ್ನುತ್ತದೆ.

ಏದುಸಿರು ಬಿಡುವವರು ಔಷಧ ಸೇದುವುದು ಹೇಗೆ? ಇದು ನಿಜವಾದ ಪ್ರಶ್ನೆ. ಬರಿಯ ಇನ್ಹೇಲರನ್ನು ಬಾಯಿಗಿಟ್ಟರೆ ಬಹುಪಾಲು ಔಷಧ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಅದಕ್ಕೇ ಇನ್ಹೇಲರಿಗೂ ಬಾಯಿಗೂ ನಡುವೆ ಸ್ಪೇಸರ್ ಎಂಬ ಟೊಳ್ಳು ಕೊಳವೆ ಬೇಕು. ಇನ್ಹೇಲರನ್ನು ಅಲುಗಾಡಿಸಿ ಸ್ಪೇಸರಿಗೆ ಸಿಕ್ಕಿಸಿ, ಒಂದೇ ಒಂದು ಪಫ್ ಒತ್ತಿ, ರೋಗಿ ತನಗೆ ಬಂದಂತೆ ಐದಾರು ಸಲ ಉಸಿರಾಡಲಿ. ಆಮೇಲೆ ಇನ್ನೊಂದು ಪಫ್. ಉಸಿರು ಬಿಗಿಹಿಡಿಯುವ ಕಷ್ಟವಿಲ್ಲ, ಪುಟ್ಟ ಮಕ್ಕಳಿಗೆ ಮಾಸ್ಕ್ ಇದೆ. ಹೀಗೆ 4ರಿಂದ 10 ಪಫ್, ಮೊದಲ ಒಂದು ಗಂಟೆ 20 ನಿಮಿಷಕ್ಕೊಮ್ಮೆ. ನಮ್ಮಲ್ಲಿ ಎರಡು ಪಫ್ ಕೊಟ್ಟು ‘ಇದರಿಂದ ಆಗಲಿಲ್ಲ’ ಎಂದು ಸೂಜಿಗೆ ಕೈಹಾಕುವವರೇ ಹೆಚ್ಚು. ಅಲ್ಲಿ ಸೋತದ್ದು ಡೋಸ್, ಔಷಧವಲ್ಲ.

ಕರೆಂಟ್ ಇಲ್ಲದಿದ್ದರೆ ನೆಬುಲೈಜರ್ ಓಡದು, ನಿಜ. ಸ್ಪೇಸರಿಗೆ ಕರೆಂಟೇ ಬೇಡ. ಅದಕ್ಕೂ ದುಡ್ಡಿಲ್ಲದವರಿಗೆ ದಕ್ಷಿಣ ಆಫ್ರಿಕಾದ ವೈದ್ಯರು ದಾರಿ ತೋರಿದ್ದಾರೆ. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಇನ್ಹೇಲರಿನ ಮೂತಿಯಳತೆಯ ತೂತು ಕೊರೆದು, ಸಂದಿನಲ್ಲಿ ಗಾಳಿ ಸೋರದಂತೆ ಅಂಟು ಹಾಕಿದ್ದು. ಉಬ್ಬಸದ ಮಕ್ಕಳಿಗೆ ಅದು ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿದ್ದು 1999ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಗಿದೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೂ ಇದರ ಚಿತ್ರ ಅಂಟಿಸಬೇಕು.

ಪಂಪು ಚಟವಾಗುತ್ತದೆ, ಹೃದಯಕ್ಕೆ ಕೆಡುಕು ಎಂಬ ಮಾತು ಮನೆಮನೆಯಲ್ಲಿದೆ. 4 ಮಿಲಿಗ್ರಾಂನ ಒಂದು ಸಾಲ್ಬುಟಮಾಲ್ ಮಾತ್ರೆಯಲ್ಲಿ 40 ಪಫ್‌ಗಳಷ್ಟು ಔಷಧವಿದೆ. ಮಾತ್ರೆಗೆ ಹೆದರದವರು ಪಫ್‌ಗೆ ಹೆದರುವುದೇಕೆ? ಕೈನಡುಕ, ಎದೆಬಡಿತ ಸ್ವಲ್ಪ ಹೆಚ್ಚುವುದುಂಟು, ಇಳಿಯುತ್ತದೆ. ಆದರೆ ಈ ಆತಂಕದಲ್ಲಿ ಒಂದು ಸತ್ಯಾಂಶವಿದೆ: ದಿನವೂ ಬರಿಯ ಸಾಲ್ಬುಟಮಾಲ್ ನೆಚ್ಚಿಕೊಂಡು, ಊತ ಇಳಿಸುವ ಸ್ಟೀರಾಯ್ಡ್ ಇನ್ಹೇಲರ್ ಬಿಡುವುದು ಅಪಾಯ. 2019ರಿಂದ ಜಿನಾ ಇದನ್ನೇ ಎಚ್ಚರಿಸುತ್ತಿದೆ.

‘ಡೆರಿಫಿಲಿನ್, ಡೆಕ್ಸಾ ಹಾಕಿಸಿಕೊಂಡವರು ಎದ್ದು ನಡೆದು ಹೋಗಿದ್ದಾರೆ’ ಎನ್ನುವವರಿಗೆ: ಡೆಕ್ಸಾ ಒಂದು ಸ್ಟೀರಾಯ್ಡ್; ಸ್ಟೀರಾಯ್ಡ್ ಪರಿಣಾಮ ಕಾಣಲು ಕೆಲವು ಗಂಟೆಗಳೇ ಬೇಕು, ಸೂಜಿಯಲ್ಲಿ ಕೊಟ್ಟರೂ ಅಷ್ಟೇ. ನುಂಗಬಲ್ಲ ರೋಗಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಪಕ್ಕದಲ್ಲೇ ನೆಬುಲೈಜರ್ ಓಡುತ್ತಿದ್ದರೂ ಹೆಸರು ಬರುವುದು ಸೂಜಿಗೆ.

ಸೂಜಿಗೆ ಜಾಗವೇ ಇಲ್ಲ ಎಂದು ನಾನೆಂದೂ ಹೇಳಿಲ್ಲ. ಸಾಲ್ಬುಟಮಾಲ್, ಸೇದುವ ಇನ್ನೊಂದು ಮದ್ದಾದ ಇಪ್ರಟ್ರೋಪಿಯಂ, ಸ್ಟೀರಾಯ್ಡ್, ಆಮ್ಲಜನಕ ಕೊಟ್ಟೂ ಬಗ್ಗದ ತೀವ್ರ ಉಬ್ಬಸಕ್ಕೆ, ವಯಸ್ಕರಿಗಾದರೆ, 2 ಗ್ರಾಂ ಮೆಗ್ನೀಸಿಯಂ ಸಲ್ಫೇಟನ್ನು 20 ನಿಮಿಷದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಅಲರ್ಜಿಯಿಂದ ಮೈಯೆಲ್ಲ ದದ್ದೆದ್ದು ರಕ್ತದೊತ್ತಡ ಕುಸಿದು ಉಬ್ಬಸವೂ ಬಂದರೆ ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ತಕ್ಷಣ ಬೇಕು. ಒಂದು ವಾಕ್ಯ ಪೂರ್ತಿ ಆಡಲಾರದ, ತುಟಿ ನೀಲಿಗಟ್ಟಿದ, ಮಂಕಾದ ರೋಗಿಯನ್ನು ಕ್ಲಿನಿಕ್ಕಿನಲ್ಲೇ ಇಟ್ಟುಕೊಳ್ಳದೆ ಆಂಬುಲೆನ್ಸ್ ಹತ್ತಿಸಿ. ದಾರಿಯುದ್ದಕ್ಕೂ ಪಫ್ ನಿಲ್ಲದಿರಲಿ.