ಚಂಚಲ ಮಕ್ಕಳೂ ನಮ್ಮ ಕರ್ತವ್ಯವೂ

"ಹುಡುಗನಿಗೆ ವಿದ್ಯೆ ಹತ್ತುವುದಿಲ್ಲ, ಹೋಟೆಲಿಗೆ ಸೇರಿಸಿಬಿಡಿ" ಎಂಬ ಮಾತು ನಮ್ಮ ಜನರಲ್ಲಿ ಇಂದು ನಿನ್ನೆಯದಲ್ಲ. ಊರ ಶಾಲೆಯಲ್ಲಿ ಬೆತ್ತದ ರುಚಿ ಕಂಡು, ಓದನ್ನು ಬಿಟ್ಟು, ಪರಸ್ಥಳಕ್ಕೆ ಬಂದು ಲೋಟ ತೊಳೆಯುತ್ತ ಬಾಳನ್ನು ಆರಂಭಿಸಿದವರು ನಮ್ಮಲ್ಲಿ ಎಷ್ಟೋ ಮಂದಿ. ಅವರಲ್ಲಿ ಕೆಲವರು ಮುಂದೆ ಗಲ್ಲೆಯ ಮೇಲೆ ಕುಳಿತರೆಂಬುದು ನಿಜ. ಆದರೆ ಒಲೆಯ ಮುಂದೆಯೇ ಮುದುಕರಾದವರ ಲೆಕ್ಕವನ್ನು ಇಟ್ಟವರಾರು? ಅವರಲ್ಲಿ ಎಷ್ಟು ಮಂದಿ ತಕ್ಕ ಸಹಾಯ ದೊರೆಯದ ಕಾರಣದಿಂದಲೇ ಶಾಲೆಯಿಂದ ಹೊರಬಿದ್ದರೆಂಬುದನ್ನು ನಾವು ವಿಚಾರಿಸಿದ್ದುಂಟೆ?

ಕೂತಲ್ಲಿ ಕೂರದ, ಹೇಳಿದ್ದನ್ನು ಮರೆಯುವ, ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವ ಮಕ್ಕಳೆಲ್ಲರೂ ತುಂಟರಲ್ಲ, ಸೋಮಾರಿಗಳೂ ಅಲ್ಲ. ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆಯೆಂದು ವೈದ್ಯಶಾಸ್ತ್ರವು ಇದನ್ನು ಗುರುತಿಸಿದೆ, ಎ.ಡಿ.ಎಚ್.ಡಿ. ಎಂಬುದು ಅದರ ಇಂಗ್ಲಿಷ್ ಹೆಸರಿನ ಸಂಕ್ಷೇಪ. 1902ರಷ್ಟು ಹಿಂದೆಯೇ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಅವರು, ಬುದ್ಧಿಯಿದ್ದೂ ತಮ್ಮನ್ನು ಹಿಡಿತದಲ್ಲಿಟ್ಟುಕೊಳ್ಳಲಾರದ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನು ನೀಡಿದ್ದರು. ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಈ ತೊಂದರೆ ಕಂಡುಬರುತ್ತದೆ. ಅಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರಿಗೆ. ಇದು ಬಹುಮಟ್ಟಿಗೆ ವಂಶದಿಂದ ಬರುವುದು. ತಾಯಿಯ ಮುದ್ದು ಇದಕ್ಕೆ ಕಾರಣವಲ್ಲ. ಗಲಾಟೆ ಮಾಡದೆ ಮೌನವಾಗಿ ಕಿಟಕಿಯಾಚೆ ನೋಡುತ್ತಿರುವ ಹೆಣ್ಣು ಮಗುವಿನಲ್ಲಿಯೂ ಇದು ಇರಬಹುದು. ಅಂಥವಳನ್ನು ಯಾರೂ ಗಮನಿಸುವುದೇ ಇಲ್ಲ.

ಆದರೆ ಆತುರದ ತೀರ್ಮಾನವೂ ಸಲ್ಲದು. ನಾಗಪುರದ ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ ಇಲ್ಲವೆ ಇಂಗ್ಲಿಷ್. ಪಾಠದ ಭಾಷೆ ತಿಳಿಯದ ಮಗುವಿನ ಮನಸ್ಸು ಅಲೆಯುವುದು ಸಹಜ. ಆದುದರಿಂದ ಶಾಲೆಯಲ್ಲಿ ಮಾತ್ರವಲ್ಲದೆ ಮನೆಯಲ್ಲಿಯೂ, ಒಂದೆರಡು ವಾರವಲ್ಲದೆ ಆರು ತಿಂಗಳಿಗೂ ಮೇಲ್ಪಟ್ಟು ಚಾಂಚಲ್ಯವಿದೆಯೇ, ಹನ್ನೆರಡು ವರ್ಷ ತುಂಬುವ ಮೊದಲೇ ಅದು ತೋರಿತೇ ಎಂಬುದನ್ನು ವೈದ್ಯರು ವಿಚಾರಿಸುತ್ತಾರೆ.

ಹತ್ತು ಮೇಜುಗಳ ಗಿರಾಕಿಗಳು ಒಮ್ಮೆಲೇ ಕೂಗಿ ಹೇಳಿದರೆ ನುರಿತ ಸಪ್ಲಾಯರನಿಗೂ ನಾಲ್ಕು ಮರೆತೇ ಹೋಗುತ್ತವೆ. ಈ ಮಗುವಿಗೆ ಒಮ್ಮೆಲೇ ಹೇಳಿದ ಮೂರು ಮಾತುಗಳೇ ಅಷ್ಟು ಭಾರ. ಒಂದೊಂದಾಗಿ ಹೇಳಿದರೆ ಅದು ಮಾಡಬಲ್ಲುದು. ಉಪಾಧ್ಯಾಯರು ಅದನ್ನು ಮುಂದಿನ ಬೆಂಚಿನಲ್ಲಿ, ಕಿಟಕಿ ಬಾಗಿಲುಗಳಿಂದ ದೂರ ಕೂರಿಸಲಿ; ದೊಡ್ಡ ಲೆಕ್ಕವನ್ನು ಸಣ್ಣ ಸಣ್ಣ ಭಾಗಗಳಾಗಿ ಕೊಡಲಿ; ನಡುನಡುವೆ ಹಲಗೆ ಒರೆಸುವ ನೆಪದಿಂದಲಾದರೂ ಎದ್ದು ಓಡಾಡಗೊಡಲಿ; ಒಳ್ಳೆಯದನ್ನು ಮಾಡಿದೊಡನೆಯೇ ಮೆಚ್ಚಿ ನುಡಿಯಲಿ; ದಿನದ ನಡತೆಯನ್ನು ಒಂದು ಸಾಲಿನಲ್ಲಿ ಮನೆಗೆ ಬರೆದು ಕಳುಹಿಸಲಿ. ಇದಕ್ಕೆ ಹಣ ಬೇಕಿಲ್ಲ, ತಾಳ್ಮೆ ಬೇಕು.

ಹೊಡೆತದಿಂದ ಗಮನ ಬೆಳೆಯದು. 2009ರ ಶಿಕ್ಷಣ ಹಕ್ಕಿನ ಕಾನೂನು ತನಗೊಳಪಟ್ಟ ಶಾಲೆಗಳಲ್ಲಿ ದೇಹದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ, ಎಂಟನೆಯ ತರಗತಿ ಮುಗಿಯುವ ಮೊದಲು ಮಗುವನ್ನು ಹೊರಹಾಕುವುದನ್ನೂ ನಿಷೇಧಿಸಿದೆ. ಹದಿನಾಲ್ಕರ ಒಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದು 2006ರ ಅಕ್ಟೋಬರಿನಿಂದ ಅಪರಾಧ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ನಡೆಯುವ ಉಚಿತ ತಪಾಸಣೆಯಲ್ಲಿ ಈ ತೊಂದರೆಯೂ ಸೇರಿದೆ. ನಮ್ಮ ಊರಿನ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೂ ಮಿಹಾನಿನ ಏಮ್ಸ್‌ನಲ್ಲಿಯೂ ಮನೋವೈದ್ಯರಿದ್ದಾರೆ. ಅಲ್ಲಿಗೆ ಹೋದ ಮಾತ್ರಕ್ಕೆ ಮಗು ಹುಚ್ಚನಾಗುವುದಿಲ್ಲ. ಕೆಲವು ಮಕ್ಕಳಿಗೆ ಔಷಧವೂ ಬೇಕಾಗಬಹುದು. ಅದನ್ನು ಕೊಡುವುದೂ ನಿಲ್ಲಿಸುವುದೂ ವೈದ್ಯರ ಮಾತಿನಂತೆಯೇ ಆಗತಕ್ಕದ್ದು.

ಇಷ್ಟೆಲ್ಲ ಇದ್ದರೂ ಬೆಳಗಿನ ಐದು ಗಂಟೆಗೆ ಒಲೆ ಹಚ್ಚುವ ತಂದೆಯು ಶಾಲೆಗೆ ಹೋಗುವುದೆಂತು? ಹೋದರೂ ಮರಾಠಿಯಲ್ಲಿ ಉಪಾಧ್ಯಾಯರೊಡನೆ ವಿವರವಾಗಿ ಮಾತನಾಡುವುದೆಂತು? ನಮ್ಮ ಕರ್ತವ್ಯ ಇಲ್ಲಿಯೇ ಇದೆ. ಮಾಲಿಕರು ಇಂಥ ಕೆಲಸಗಾರನಿಗೆ ಸಂಬಳ ಕಡಿಯದೆ ಅರ್ಧ ದಿನದ ರಜೆ ಕೊಡಲಿ. ಮರಾಠಿ ಬಲ್ಲ ಗುಮಾಸ್ತ ಬಂಧುಗಳು ಅವನ ಜೊತೆಗೆ ಶಾಲೆಗೂ ಆಸ್ಪತ್ರೆಗೂ ಹೋಗಲಿ. ವಾರದಲ್ಲಿ ಎರಡು ಸಂಜೆ ಆ ಮಗುವಿನ ಪಕ್ಕದಲ್ಲಿ ಕುಳಿತು ಪಾಠ ಹೇಳಿಕೊಡಲಿ. ಹಗಲೆಲ್ಲ ದುಡಿಯುವ ಹುಡುಗರಿಗಾಗಿ ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳನ್ನು ಕಟ್ಟಿದ ಜನ ನಾವು. ಹೋಟೆಲಿಗೆ ಬಂದ ಹುಡುಗನನ್ನು ಅಂದು ಓದಿಗೆ ಕರೆತಂದೆವು. ಇಂದು ಓದುತ್ತಿರುವ ಹುಡುಗನನ್ನು ಶಾಲೆಯಲ್ಲಿಯೇ ಉಳಿಸಿಕೊಳ್ಳುವುದು ಅದಕ್ಕಿಂತ ಕಷ್ಟದ ಕೆಲಸವೇನಲ್ಲ.